ಮುಗಿಸಲು ಬರುವುದಾದರೆ ಬರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ.

ಅರ್ಧಕ್ಕೆ ನಿಂತುಹೋದ ಅನಿಮೇಷನ್ ಸರಣಿಗಳನ್ನು ಮತ್ತೆ ಆರಂಭಿಸಬೇಕೇ ಬೇಡವೇ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಎರಡು ಪತ್ರಗಳನ್ನು ಓದಿದೆ. ಅಭಿಮಾನಿಗಳು ಇಷ್ಟು ವರ್ಷಗಳಿಂದ ಕೇಳುತ್ತಿರುವಾಗ ನಿರ್ಮಾಣ ಸಂಸ್ಥೆಗಳು ಮನಸ್ಸು ಮಾಡಲೇಬೇಕು ಎಂದು ಒಬ್ಬರು ಬರೆದಿದ್ದಾರೆ. ನೆನಪಿನಲ್ಲಿ ಚೆನ್ನಾಗಿ ಉಳಿದಿರುವುದನ್ನು ಕೆದಕಿ ಕೆಡಿಸಬೇಡಿ ಎಂದು ಇನ್ನೊಬ್ಬರು ಬರೆದಿದ್ದಾರೆ. ಇದೇ ವಾಗ್ವಾದ ನಮ್ಮ ಮನೆಯಲ್ಲೂ ನಡೆಯುತ್ತಿದೆ. ನನ್ನ ಮಗಳು ಮೊದಲನೆಯವರ ಪಕ್ಷ, ಅಕ್ಕನ ಮಗ ಎರಡನೆಯವರ ಪಕ್ಷ. ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ನೋಡುತ್ತಾರೆ, ಏಕೆಂದರೆ ನಾನು 11 ವರ್ಷ ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ಕುಳಿತು ಚಿತ್ರ ಬರೆದವಳು. ಮಕ್ಕಳಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳಬೇಕೆನಿಸಿತು. ಪತ್ರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮೊದಲು ನನ್ನ ಕೆಲಸ ಏನಿತ್ತು ಎಂಬುದನ್ನು ತಿಳಿಸುತ್ತೇನೆ. ಅದಕ್ಕೆ ಇನ್‌ಬಿಟ್ವೀನಿಂಗ್ ಎನ್ನುತ್ತಾರೆ. ಒಂದು ಚಲನೆಯ ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದರು ಬರೆದಿಡುತ್ತಾರೆ, ಅವುಗಳ ನಡುವಿನ ಚಿತ್ರಗಳನ್ನು ತುಂಬುವುದು ನಮ್ಮ ಪಾಲು. ಕೈ ಕೆಳಗಿರುವ ಚಿತ್ರ ಒಂದು, ಕೈ ಮೇಲೆತ್ತಿದ ಚಿತ್ರ ಇನ್ನೊಂದು ಮೇಜಿಗೆ ಬಂದರೆ, ಆ ಕೈ ಏರಿದ ದಾರಿಯೆಲ್ಲ ನಮ್ಮದು. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಸಾಮಾನ್ಯವಾಗಿ ಪ್ರತಿ ಚಿತ್ರವನ್ನೂ ಎರಡೆರಡು ಚೌಕಟ್ಟುಗಳ ಕಾಲ ನಿಲ್ಲಿಸುವುದರಿಂದ ಸೆಕೆಂಡಿಗೆ 12 ಚಿತ್ರ ಬೇಕು. 22 ನಿಮಿಷದ ಕಂತಿಗೆ ಇದೇ ಲೆಕ್ಕ ಹಾಕಿದರೆ 15,840 ಆಗುತ್ತದೆ. ಟಿ.ವಿ. ಸರಣಿಗಳಲ್ಲಿ ಅಷ್ಟನ್ನೂ ಬರೆಯುವುದಿಲ್ಲ. ಮೈ ಅಲುಗದೆ ಬಾಯಿ ಮಾತ್ರ ಬದಲಾಗುವ ದೃಶ್ಯಗಳು ಬೇಕಾದಷ್ಟಿರುತ್ತವೆ. ಆದರೂ ಒಂದೊಂದು ಕಂತಿಗೂ ಸಾವಿರಾರು ಹಾಳೆಗಳು ಬೆಳಕಿನ ಮೇಜನ್ನು ದಾಟಿಯೇ ಹೋಗುತ್ತಿದ್ದವು.

ನಮ್ಮ ಸ್ಟುಡಿಯೊಗೆ ಹೊರದೇಶದ ಒಂದು ಸರಣಿಯ ಕೆಲಸ ಬಂದಿತ್ತು. ಅದರ ಹೆಸರು ಇಲ್ಲಿ ಬೇಡ. ಪಾಳುಬಿದ್ದ ನಗರವೊಂದರಲ್ಲಿ ತಂದೆಯನ್ನು ಹುಡುಕುತ್ತಾ ಹೋಗುವ ಹುಡುಗಿಯ ಕಥೆ. ಎರಡು ಸೀಸನ್ ಮುಗಿದಿತ್ತು, ಮೂರನೆಯದರ ಕೆಲಸ ನಡೆಯುತ್ತಿತ್ತು. ನನಗೆ ಬಂದ ಫೋಲ್ಡರ್‌ನಲ್ಲಿ ಆ ಹುಡುಗಿ ಒಂದು ಬಾಗಿಲ ಮುಂದೆ ನಿಂತು, ತಟ್ಟಲು ಕೈ ಎತ್ತುತ್ತಾಳೆ. ಮೊದಲ ಭಂಗಿಯಲ್ಲಿ ಕೈ ತೊಡೆಯ ಪಕ್ಕದಲ್ಲಿದೆ, ಕೊನೆಯ ಭಂಗಿಯಲ್ಲಿ ಮುಷ್ಟಿ ಬಾಗಿಲಿಗೆ ಒಂದು ಬೆರಳಿನಷ್ಟು ದೂರದಲ್ಲಿದೆ. ನಡುವೆ 11 ಚಿತ್ರ. ಅವಳು ಹಿಂಜರಿಯುತ್ತಾಳೆ, ಆದ್ದರಿಂದ ಐದನೆಯ ಚಿತ್ರದಿಂದ ಎಂಟನೆಯದರವರೆಗೆ ಕೈ ಬಹಳ ನಿಧಾನವಾಗಿ ಏರಬೇಕು, ಗೆರೆಗೂ ಗೆರೆಗೂ ಕೂದಲೆಳೆಯ ಅಂತರವಷ್ಟೇ ಇರಬೇಕು ಎಂದು ಎಕ್ಸ್‌ಪೋಷರ್ ಶೀಟಿನ, ಅಂದರೆ ಯಾವ ಚಿತ್ರ ಎಷ್ಟು ಚೌಕಟ್ಟು ನಿಲ್ಲಬೇಕೆಂದು ಬರೆದಿಡುವ ಹಾಳೆಯ, ಅಂಚಿನಲ್ಲಿ ಸೂಚನೆ ಇತ್ತು. ಎರಡು ದಿನ ಕುಳಿತು ಬರೆದೆ. ಮೂರನೆಯ ದಿನ ಮಧ್ಯಾಹ್ನ ನಮ್ಮ ಮೇಲ್ವಿಚಾರಕರು ಬಂದು ಎಲ್ಲರ ಮೇಜಿನಿಂದಲೂ ಆ ಸರಣಿಯ ಫೋಲ್ಡರ್‌ಗಳನ್ನು ಎತ್ತಿಕೊಂಡು ಹೋದರು. ಸರಣಿ ರದ್ದಾಗಿತ್ತು.

ಬಾಗಿಲ ಹಿಂದೆ ಯಾರಿದ್ದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಮಗಳಿಗೆ ಇದು ನಂಬಲಾಗದ ಮಾತು. ‘ಅಮ್ಮಾ, ಚಿತ್ರ ಬರೆದವಳೇ ನೀನು, ನಿನಗೇ ಗೊತ್ತಿಲ್ಲವೇ?’ ಎಂದು ಕೇಳುತ್ತಾಳೆ. ನಮಗೆ ಪೂರ್ತಿ ಚಿತ್ರಕಥೆಯನ್ನು ಕೊಡುತ್ತಿರಲಿಲ್ಲ. ದೃಶ್ಯಕ್ಕೊಂದು ಫೋಲ್ಡರ್, ಫೋಲ್ಡರ್‌ಗೊಂದು ಶೀಟ್, ಪಾತ್ರದ ಅಳತೆ ತೋರಿಸುವ ಮಾಡೆಲ್ ಶೀಟ್, ಅಷ್ಟೇ. ಮುಂದಿನ ಫೋಲ್ಡರ್ ಬಂದಿದ್ದರೆ ತಿಳಿಯುತ್ತಿತ್ತು. ಅದು ಬರಲಿಲ್ಲ.

ಆದ್ದರಿಂದ ರದ್ದಾದ ಸರಣಿ ಮರಳಿ ಬರಬೇಕು ಎಂದು ಯಾರಾದರೂ ಕೂಗಿದರೆ ನನಗೆ ಅದು ಹುಡುಗಾಟವೆನಿಸುವುದಿಲ್ಲ. ನಿಮ್ಮ ಎರಡನೆಯ ಪತ್ರಲೇಖಕರು ಅದನ್ನು ‘ದೊಡ್ಡವರ ಮಕ್ಕಳಾಟ’ ಎಂದು ಕರೆದದ್ದು ನನಗೆ ನೋವು ತಂದಿತು. ನೂರಾರು ಜನ ಕೂಡಿ ಹೇಳುತ್ತಿದ್ದ ಕಥೆಯೊಂದು ವಾಕ್ಯದ ಮಧ್ಯದಲ್ಲಿ ನಿಂತರೆ, ಕೇಳುತ್ತಿದ್ದವರು ‘ಆಮೇಲೆ?’ ಎಂದು ಕೇಳುವುದು ಸಹಜ. ಆದರೆ ಸರಣಿ ಮರಳಿ ಬರಬೇಕೇ ಎಂಬ ಪ್ರಶ್ನೆಯನ್ನು ಎಷ್ಟು ಜನ ಕೇಳುತ್ತಿದ್ದಾರೆ ಎಂಬುದರಿಂದ ನಿರ್ಧರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕಥೆಗೆ ಹೇಳುವುದು ಬಾಕಿ ಇತ್ತೇ? ಅದನ್ನು ಹೇಳುತ್ತಿದ್ದವರೇ ಬಂದು ಮುಗಿಸುತ್ತಾರೆಯೇ? ಈ ಎರಡಕ್ಕೂ ಹೌದು ಎಂಬ ಉತ್ತರವಿದ್ದರೆ ಸರಣಿ ಬರಲಿ. ಒಂದಕ್ಕೆ ಇಲ್ಲ ಎಂದಾದರೂ ಬೇಡ.

ರದ್ದಾಗುವುದೆಂದರೆ ಚೆನ್ನಾಗಿರಲಿಲ್ಲ ಎಂದರ್ಥ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ‘ಯಂಗ್ ಜಸ್ಟಿಸ್’ ಸರಣಿಯನ್ನು ನೋಡಿ. ಎರಡು ಸೀಸನ್‌ಗಳಲ್ಲಿ 46 ಕಂತುಗಳಾದ ಮೇಲೆ 2013ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಅದನ್ನು ನಿಲ್ಲಿಸಿತು. ಸರಣಿಗೆ ಹಣ ಬರುತ್ತಿದ್ದ ದಾರಿಗಳಲ್ಲಿ ಆಟಿಕೆಗಳ ಮಾರಾಟವೂ ಒಂದು. ಆಟಿಕೆಗಳು ನಿರೀಕ್ಷಿಸಿದಷ್ಟು ಮಾರಾಟವಾಗದೆ ಆ ಹಣ ನಿಂತಿತು ಎಂದು ಅದರ ನಿರ್ಮಾಪಕರಲ್ಲೊಬ್ಬರಾದ ಗ್ರೆಗ್ ವೈಸ್‌ಮನ್ ವಿವರಿಸಿದ್ದಾರೆ. ಕಥೆಯಲ್ಲಿ ತಪ್ಪಿರಲಿಲ್ಲ, ನೋಡುವವರೂ ಇದ್ದರು. ಅಂಗಡಿಯ ಕಪಾಟಿನಲ್ಲಿ ಉಳಿದುಹೋದ ಬೊಂಬೆಗಳಿಗಾಗಿ ಕಥೆಯೊಂದು ನಿಲ್ಲಬೇಕಾಯಿತು. ವೈಸ್‌ಮನ್ ಮತ್ತು ಅವರ ಜೊತೆ ನಿರ್ಮಾಪಕ ಬ್ರ್ಯಾಂಡನ್ ವಿಯೆಟ್ಟಿ ಅವರೇ 2019ರಲ್ಲಿ ಅದನ್ನು ಮತ್ತೆ ಪರದೆಗೆ ತಂದರು. ಇಂಥದ್ದನ್ನು ಮರಳಿ ತರುವುದು ತಪ್ಪೆಂದು ಯಾರು ಹೇಳಬಲ್ಲರು?

ಮುಗಿಸಲು ಬಂದ ಸರಣಿ ಹೇಗಿರುತ್ತದೆ ಎಂದು ತೋರಿಸಲು ಮಕ್ಕಳಿಗೆ ನಾನು ಕೊಟ್ಟ ಉದಾಹರಣೆ ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’. 2008ರಲ್ಲಿ ಆರಂಭವಾದ ಸರಣಿ ಅದು. 2012ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿ ಕೊಂಡುಕೊಂಡಿತು, ಮರುವರ್ಷ ಸರಣಿಯನ್ನು ನಿಲ್ಲಿಸುವುದಾಗಿ ಘೋಷಣೆಯಾಯಿತು. ಆಗ ಎಷ್ಟೋ ಕಂತುಗಳು ಬೇರೆ ಬೇರೆ ಹಂತಗಳಲ್ಲಿದ್ದವು. ಮುಗಿದಿದ್ದ 13 ಕಂತುಗಳು 2014ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಮುಗಿಯದವುಗಳಲ್ಲಿ ಕೆಲವನ್ನು ಆ ತಂಡ ಇದ್ದ ಹಾಗೆಯೇ ಜನರ ಮುಂದಿಟ್ಟಿತು. ಬಣ್ಣವಿಲ್ಲದ ಬೂದು ಬೊಂಬೆಗಳು, ಬಿಗಿಯಾದ ಮುಖಗಳು, ಆದರೆ ಧ್ವನಿ ಮಾತ್ರ ಪೂರ್ಣ. ಅದನ್ನು ನೋಡಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ಕರಡು ಚಿತ್ರಗಳನ್ನು ಹೊರಗಿನವರಿಗೆ ತೋರಿಸಲು ಕಲಾವಿದರಿಗೆ ಸಂಕೋಚವಿರುತ್ತದೆ, ನಮ್ಮಲ್ಲಿ ಯಾರೂ ತೋರಿಸುತ್ತಿರಲಿಲ್ಲ. ಅವರು ಸಂಕೋಚ ಬಿಟ್ಟು, ಇಷ್ಟಾದರೂ ನಿಮ್ಮ ಕೈ ಸೇರಲಿ ಎಂದು ಕೊಟ್ಟಿದ್ದರು.

ಅಭಿಮಾನಿಗಳು ಬಿಡಲಿಲ್ಲ. ಐದು ವರ್ಷ ಕೇಳುತ್ತಲೇ ಇದ್ದರು. 2018ರ ಜುಲೈನಲ್ಲಿ ಸರಣಿ ಮರಳುತ್ತದೆ ಎಂಬ ಘೋಷಣೆ ಬಂತು. 2020ರ ಫೆಬ್ರುವರಿಯಿಂದ ಮೇ ತಿಂಗಳವರೆಗೆ 12 ಕಂತುಗಳು ಪ್ರಸಾರವಾದವು, ಅಲ್ಲಿಗೆ ಕಥೆ ಮುಗಿಯಿತು. ಮೊದಲ ನಾಲ್ಕು ಕಂತುಗಳು ಹಿಂದೆ ಬೂದು ಬೊಂಬೆಗಳಾಗಿ ಬಂದಿದ್ದವೇ. ಈಗ ಅವಕ್ಕೆ ಚರ್ಮ, ಬಟ್ಟೆ, ಬೆಳಕು ಎಲ್ಲ ಬಂದಿದ್ದವು. ಮುಂದಾಳು ಹಿಂದಿನಂತೆಯೇ ಡೇವ್ ಫಿಲೋನಿ, ಮುಖ್ಯ ಪಾತ್ರಗಳಲ್ಲೊಬ್ಬಳಾದ ಅಸೋಕಾಳ ಧ್ವನಿ ಹಿಂದಿನಂತೆಯೇ ಆ್ಯಶ್ಲಿ ಎಕ್‌ಸ್ಟೀನ್. ಕೊನೆಯ ಕಂತು ಎಲ್ಲಿಗೆ ಹೋಗಿ ನಿಲ್ಲಬೇಕಿತ್ತೋ ಅಲ್ಲಿಗೇ ಹೋಗಿ ನಿಂತಿತು. ಅಕ್ಕನ ಮಗ ಆ ಕೊನೆಯ ನಾಲ್ಕು ಕಂತುಗಳನ್ನು ನಮ್ಮ ಮನೆಯಲ್ಲೇ ನೋಡಿದ. ಮುಗಿದ ಮೇಲೆ ‘ಚಿಕ್ಕಮ್ಮ, ಇದೊಂದನ್ನು ಬಿಟ್ಟು’ ಎಂದ. ಅವನಿಂದ ಅಷ್ಟು ಬಂದದ್ದೇ ದೊಡ್ಡದು.

‘ಸಮುರಾಯ್ ಜ್ಯಾಕ್’ ವಿಷಯಕ್ಕೆ ಬಂದರೆ ನಾನು ಮತ್ತು ಅವನು ಒಂದೇ ಕಡೆ ನಿಲ್ಲುವುದಿಲ್ಲ. 2001ರಿಂದ 2004ರವರೆಗೆ 52 ಕಂತುಗಳು ಬಂದ ಸರಣಿ. ಅಕೂ ಎಂಬ ದುಷ್ಟ ಶಕ್ತಿ ಸಮುರಾಯ್ ಒಬ್ಬನನ್ನು ಭವಿಷ್ಯಕ್ಕೆ ಎಸೆಯುತ್ತದೆ. ಅವನು ತನ್ನ ಕಾಲಕ್ಕೆ ಮರಳುವ ದಾರಿ ಹುಡುಕುತ್ತಾನೆ. ಆ 52 ಕಂತುಗಳಲ್ಲಿ ಅವನಿಗೆ ದಾರಿ ಸಿಗಲೇ ಇಲ್ಲ. ನಾವು ಸ್ಟುಡಿಯೊದಲ್ಲಿ ಅದರ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು. ಪಾತ್ರಗಳ ಸುತ್ತ ಕಪ್ಪು ಹೊರಗೆರೆಯೇ ಇರುತ್ತಿರಲಿಲ್ಲ, ಬಣ್ಣಕ್ಕೆ ಬಣ್ಣ ತಾಗಿ ಆಕಾರ ಮೂಡುತ್ತಿತ್ತು. ಜೀವನವಿಡೀ ಹೊರಗೆರೆ ಎಳೆದ ನಮಗೆ ಅದು ದೊಡ್ಡ ಬೆರಗು. ಮಾತಿಲ್ಲದೆ ನಿಮಿಷಗಟ್ಟಲೆ ಗಾಳಿ, ಹುಲ್ಲು, ಹೆಜ್ಜೆ ಸದ್ದು ಮಾತ್ರ. ಅಷ್ಟು ಧೈರ್ಯ ಮಕ್ಕಳ ಸರಣಿಗಳಲ್ಲಿ ಅಪರೂಪ.

13 ವರ್ಷಗಳ ಮೇಲೆ, 2017ರಲ್ಲಿ, ಸರಣಿಯ ಕರ್ತೃ ಗೆಂಡಿ ಟಾರ್ಟಕೋವ್‌ಸ್ಕಿ ಅವರೇ ಅದನ್ನು ಹತ್ತು ಕಂತುಗಳಲ್ಲಿ ಮುಗಿಸಿದರು. ಕಥೆಯಲ್ಲಿ 50 ವರ್ಷ ಕಳೆದಿತ್ತು. ಜ್ಯಾಕ್‌ಗೆ ವಯಸ್ಸಾಗಿರಲಿಲ್ಲ, ಆದರೆ ಗಡ್ಡ ಬೆಳೆದಿತ್ತು, ಖಡ್ಗ ಕಳೆದುಹೋಗಿತ್ತು, ಭರವಸೆಯೂ ಸವೆದಿತ್ತು. ಕಾದ ನಮ್ಮೆಲ್ಲರ ದಣಿವು ಅವನ ಮುಖದಲ್ಲೇ ಇತ್ತು. ಜ್ಯಾಕ್‌ಗೆ ಧ್ವನಿ ಕೊಟ್ಟ ಫಿಲ್ ಲಮಾರ್ ಮರಳಿದರು. ಅಕೂಗೆ ಧ್ವನಿಯಾಗಿದ್ದ ಮಾಕೊ 2006ರಲ್ಲೇ ತೀರಿಕೊಂಡಿದ್ದರು, ಅವರ ಜಾಗಕ್ಕೆ ಗ್ರೆಗ್ ಬಾಲ್ಡ್‌ವಿನ್ ಬಂದರು. ಮುಕ್ತಾಯ ಅವಸರವಾಯಿತು ಎಂದು ಅಕ್ಕನ ಮಗ ಹೇಳುತ್ತಾನೆ, ಅವನೊಬ್ಬನೇ ಅಲ್ಲ, ಅನೇಕ ಅಭಿಮಾನಿಗಳೂ ಹೇಳಿದರು. ಇರಬಹುದು. ಕೊನೆಯ ಕಂತು ಇನ್ನೂ ಸ್ವಲ್ಪ ಉಸಿರಾಡಬಹುದಿತ್ತು ಎಂದು ನನಗೂ ಅನಿಸಿದೆ. ಆದರೆ ಆ ತಪ್ಪು ಕಥೆಯ ಒಡೆಯರದೇ ತಪ್ಪು. ಬೇರೆ ಯಾರೋ ಬಂದು ಮಾಡಿದ್ದಲ್ಲ. ಹತ್ತೇ ಕಂತು ಎಂದು ಹೇಳಿ ಬಂದರು, ಹತ್ತು ಮುಗಿದ ಮೇಲೆ ಎದ್ದು ಹೋದರು. ನನಗೆ ಅಷ್ಟು ಸಾಕು.

ಮಾಕೊ ಅವರ ವಿಷಯವನ್ನು ಇಷ್ಟಕ್ಕೇ ಬಿಡಲಾರೆ. ಕಾಯುವ ಕಾಲದಲ್ಲಿ ಜನ ಸಾಯುತ್ತಾರೆ ಎಂಬುದನ್ನು ಅಭಿಮಾನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೆದ ಪಾತ್ರಕ್ಕೆ ವಯಸ್ಸಾಗದು, ಆದ್ದರಿಂದ ಯಾವಾಗ ಬೇಕಾದರೂ ಕರೆದರೆ ಬರುತ್ತದೆ ಎಂದು ನೋಡುವವರಿಗೆ ಅನಿಸುತ್ತದೆ. 2010ರಲ್ಲಿ ನಿಂತು 2025ರಲ್ಲಿ ಮರಳಿದ ‘ಕಿಂಗ್ ಆಫ್ ದಿ ಹಿಲ್’ನಲ್ಲಿ ಡೇಲ್ ಪಾತ್ರದ ಧ್ವನಿ ಜಾನಿ ಹಾರ್ಡ್‌ವಿಕ್ ಅವರದು. ಕೆಲವೇ ಕಂತುಗಳಿಗೆ ಧ್ವನಿ ಕೊಟ್ಟು 2023ರಲ್ಲಿ ಅವರು ತೀರಿಕೊಂಡರು, ಉಳಿದದ್ದನ್ನು ಟೋಬಿ ಹಸ್ ಮುಂದುವರಿಸಿದರು. ಇವು ಹೆಸರಿರುವ ಕಲಾವಿದರ ಮಾತು. ಹೆಸರಿಲ್ಲದ ನಮ್ಮಂಥವರು ಎಷ್ಟು ಬೇಗ ಚದುರುತ್ತೇವೆ ಎಂದರೆ, ನಮ್ಮ ಸರಣಿ ನಿಂತ ತಿಂಗಳೊಳಗೆ ಆ ಹುಡುಗಿಯನ್ನು ಬರೆಯುತ್ತಿದ್ದ 14 ಜನರಲ್ಲಿ ಒಂಬತ್ತು ಜನ ಆ ಕಟ್ಟಡದಲ್ಲಿರಲಿಲ್ಲ. ಒಬ್ಬರು ಜಾಹೀರಾತಿಗೆ, ಇಬ್ಬರು ವಿಡಿಯೊ ಗೇಮ್‌ಗೆ, ಉಳಿದವರು ಚಿತ್ರವನ್ನೇ ಬಿಟ್ಟು ಬೇರೆ ಕೆಲಸಕ್ಕೆ. ಒಂದು ಪಾತ್ರದ ಕತ್ತು ಎಷ್ಟು ತಿರುಗಿದರೆ ಅವಳಂತೆ ಕಾಣುತ್ತದೆ, ಎಷ್ಟು ತಿರುಗಿದರೆ ಬೇರೆಯವಳಾಗುತ್ತಾಳೆ ಎಂಬುದು ಮಾಡೆಲ್ ಶೀಟಿನಲ್ಲಿರುವುದಿಲ್ಲ. ಅದು ಆರು ತಿಂಗಳು ಬರೆದ ಕೈಗಳಲ್ಲಿರುತ್ತದೆ.

ಇನ್ನು ಮುಗಿದ ಕಥೆಗಳನ್ನು ಎಬ್ಬಿಸುವ ವಿಚಾರ. ‘ಫ್ಯೂಚರಾಮಾ’ದ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗಬಹುದು. 1999ರಲ್ಲಿ ಆರಂಭವಾದ ಆ ಸರಣಿಯನ್ನು ಫಾಕ್ಸ್ ವಾಹಿನಿ 2003ರಲ್ಲಿ ಕೈಬಿಟ್ಟಿತು. 2007ರಿಂದ 2009ರವರೆಗೆ ನಾಲ್ಕು ಡಿವಿಡಿ ಚಿತ್ರಗಳಾಗಿ ಬಂತು, 2010ರಿಂದ 2013ರವರೆಗೆ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಬಂತು, 2023ರಲ್ಲಿ ಹುಲು ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಮತ್ತೆ ಶುರುವಾಯಿತು. ಮುಂದೆ ಅವಕಾಶ ಸಿಗುವುದೋ ಇಲ್ಲವೋ ಎಂಬ ಆತಂಕದಲ್ಲೇ ಅದರ ಬರಹಗಾರರು ನಾಲ್ಕು ಬಾರಿ ಕೊನೆಯ ಕಂತಿನಂಥ ಕಂತನ್ನು ಬರೆಯಬೇಕಾಯಿತು. ಅವುಗಳಲ್ಲಿ 2013ರದ್ದು ನಾನು ಕಂಡ ಅತ್ಯಂತ ಸುಂದರ ಮುಕ್ತಾಯಗಳಲ್ಲೊಂದು. ಕಾಲ ಸ್ತಬ್ಧವಾದ ಜಗತ್ತಿನಲ್ಲಿ ಸರಣಿಯ ಪ್ರೇಮಿಗಳಾದ ಫ್ರೈ ಮತ್ತು ಲೀಲಾ ಇಬ್ಬರೇ ಓಡಾಡುತ್ತಾ ಮುದುಕರಾಗುತ್ತಾರೆ. ಕೊನೆಗೆ, ಎಲ್ಲವನ್ನೂ ಮರೆತು ಮೊದಲಿನಿಂದ ಆರಂಭಿಸಲು ಒಪ್ಪುತ್ತಾರೆ. ಆ ಕಂತು ಮುಗಿದಾಗ ನನ್ನ ಮನಸ್ಸಿನಲ್ಲಿ ಏನೂ ಬಾಕಿ ಉಳಿದಿರಲಿಲ್ಲ. ಹತ್ತು ವರ್ಷದ ಮೇಲೆ ಆ ಗಂಟನ್ನು ಬಿಚ್ಚಿ ಕಥೆ ಮುಂದುವರಿಯಿತು. ಹೊಸ ಕಂತುಗಳಲ್ಲಿ ಒಳ್ಳೆಯವೂ ಇವೆ, ನೋಡಿದ್ದೇನೆ. ಆದರೆ ‘ಆಮೇಲೆ?’ ಎಂದು ನಾನು ಕೇಳಿರಲಿಲ್ಲ.

ಅದೇ ಸರಣಿಯಿಂದ ಅಭಿಮಾನಿಗಳು ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. 2022ರ ಫೆಬ್ರುವರಿಯಲ್ಲಿ ಸರಣಿ ಮರಳುವ ಸುದ್ದಿ ಬಂದಾಗ ಬೆಂಡರ್ ಎಂಬ ರೋಬಾಟ್ ಪಾತ್ರಕ್ಕೆ ಧ್ವನಿಯಾಗಿದ್ದ ಜಾನ್ ಡಿಮ್ಯಾಜಿಯೊ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಕಲಾವಿದರಿಗೆ ತಕ್ಕ ಸಂಭಾವನೆ ಸಿಗಬೇಕು ಎಂಬುದು ಅವರ ನಿಲುವಾಗಿತ್ತು. ಅಭಿಮಾನಿಗಳು ಅವರ ಬೆನ್ನಿಗೆ ನಿಂತರು, ಮಾರ್ಚ್ ತಿಂಗಳಲ್ಲಿ ಅವರು ತಂಡಕ್ಕೆ ಮರಳಿದರು. ಹಾಗೆಯೇ ‘ಪವರ್‌ಪಫ್ ಗರ್ಲ್ಸ್’ 2016ರಲ್ಲಿ ಹೊಸದಾಗಿ ಬಂದಾಗ ಮೂಲ ಕರ್ತೃ ಕ್ರೇಗ್ ಮೆಕ್ರ್ಯಾಕನ್ ಅದರಲ್ಲಿರಲಿಲ್ಲ, ಮೂವರು ಹುಡುಗಿಯರ ಮೂಲ ಧ್ವನಿಗಳನ್ನೂ ಕರೆಯಲಿಲ್ಲ. ತಮಗಾದ ಬೇಸರವನ್ನು ಆ ಮೂವರಲ್ಲೊಬ್ಬರಾದ ಟಾರಾ ಸ್ಟ್ರಾಂಗ್ ಬಹಿರಂಗವಾಗಿಯೇ ಹೇಳಿಕೊಂಡರು. ಅದನ್ನು ಮರಳಿ ಬಂದದ್ದು ಎಂದು ನಾನು ಕರೆಯಲಾರೆ. ಹೆಸರೂ ಬಣ್ಣಗಳೂ ಬಂದವು, ಅಷ್ಟೇ.

ಅಭಿಮಾನಿಗಳಲ್ಲಿ ನನ್ನದೊಂದು ಬೇಡಿಕೆ. ಮರಳಿ ತನ್ನಿ ಎಂದು ಕೇಳುವ ಮೊದಲು, ಇರುವುದನ್ನು ಉಳಿಸಿ ಎಂದು ಕೇಳಿ. ಓವನ್ ಡೆನಿಸ್ ಅವರ ‘ಇನ್ಫಿನಿಟಿ ಟ್ರೇನ್’ ನಾಲ್ಕು ಸೀಸನ್, 40 ಕಂತುಗಳ ಸರಣಿ. ಅವರು ಯೋಚಿಸಿದ್ದು ಎಂಟು ಸೀಸನ್. ಮುಂದಿನ ನಾಲ್ಕು ಬರಲಿಲ್ಲ ಎಂಬುದು ಒಂದು ದುಃಖವಾದರೆ, ಅದಾಗಲೇ ಬಂದಿದ್ದ 40 ಕಂತುಗಳನ್ನೂ 2022ರ ಆಗಸ್ಟ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ತಾಣದಿಂದ ತೆಗೆದುಹಾಕಿದ್ದು ಅದಕ್ಕಿಂತ ದೊಡ್ಡ ದುಃಖ. ‘ಫೈನಲ್ ಸ್ಪೇಸ್’ 36 ಕಂತುಗಳಾದ ಮೇಲೆ 2021ರಲ್ಲಿ ನಿಂತಿತು. ಅದರ ಹಕ್ಕು ಹೊಂದಿದ್ದ ಸಂಸ್ಥೆ ಅದನ್ನು ತೆರಿಗೆ ಲೆಕ್ಕದಲ್ಲಿ ನಷ್ಟಕ್ಕೆ ಹಾಕಿತು. ತೆರಿಗೆಯ ಲೆಕ್ಕ ನನಗೆ ಅರ್ಥವಾಗುವ ವಿಷಯವಲ್ಲ. ಆದರೆ ನಾನು ಬರೆದ ಹಾಳೆಯನ್ನು ಯಾರಿಗೂ ತೋರಿಸದೇ ಇದ್ದರೆ ಲಾಭ ಎಂದು ಯಾರಾದರೂ ಲೆಕ್ಕ ಹಾಕಿದರೆ ಹೇಗಿರುತ್ತದೆ ಎಂಬುದು ಅರ್ಥವಾಗುತ್ತದೆ. ಅದರ ಕರ್ತೃ ಒಲನ್ ರೋಜರ್ಸ್ ಸುಮ್ಮನೆ ಕೂರಲಿಲ್ಲ. ಪರದೆಯ ಮೇಲೆ ಮುಗಿಸಲಾಗದ ಕಥೆಯನ್ನು ಚಿತ್ರಕಾದಂಬರಿಯಾಗಿ ಮುಗಿಸಲು ಹೊರಟರು. ಅಲುಗಾಡದ ಚಿತ್ರಗಳಾದರೂ ಸರಿ, ಮುಗಿಸಿಯೇ ತೀರುತ್ತೇನೆ ಎಂಬ ಅವರ ಹಟ ಕಂಡು ನನಗೆ ಕಣ್ಣು ತುಂಬಿ ಬಂತು.

ಎಲ್ಲ ಸರಣಿಗಳಿಗೂ ‘ಕ್ಲೋನ್ ವಾರ್ಸ್’ನಂತೆ 12 ಕಂತುಗಳ ಭಾಗ್ಯ ಬರುವುದಿಲ್ಲ ಎಂದು ಗೊತ್ತಿದೆ. ಆಗ ಸ್ಟೋರಿಬೋರ್ಡ್‌ಗಳನ್ನು, ಅಂದರೆ ದೃಶ್ಯಗಳ ಮೊದಲ ಕರಡು ಚಿತ್ರಗಳನ್ನು, ಪ್ರಕಟಿಸಲಿ. ಧ್ವನಿಮುದ್ರಣವಾಗಿದ್ದರೆ ಕರಡು ಚಿತ್ರಗಳ ಜೊತೆಗೆ ಅದನ್ನೇ ಕೇಳಿಸಲಿ. ಚಿತ್ರಕಥೆಯೊಂದೇ ಉಳಿದಿದ್ದರೆ ಅದನ್ನೇ ಪುಸ್ತಕ ಮಾಡಲಿ. ನಮ್ಮ ಮನೆಯ ಇಬ್ಬರೂ ಇದನ್ನು ಒಪ್ಪಿದ್ದಾರೆ. ಕಥೆ ಮುಂದೇನಾಯಿತು ಎಂದು ತಿಳಿದರೆ ಮಗಳಿಗೆ ನೆಮ್ಮದಿ, ಹಳೆಯ ಕಂತುಗಳನ್ನು ಯಾರೂ ಮುಟ್ಟುವುದಿಲ್ಲ ಎಂದು ಅಕ್ಕನ ಮಗನಿಗೆ ನೆಮ್ಮದಿ. ನಿಮ್ಮ ಇಬ್ಬರು ಪತ್ರಲೇಖಕರೂ ಒಪ್ಪುತ್ತಾರೆ ಎಂದು ಭಾವಿಸುತ್ತೇನೆ. ಮತ್ತೊಂದು ಮಾತು: ಸರಣಿ ನಿಂತಾಗಲೂ, ಮರಳಿ ಬಂದದ್ದು ಹಿಡಿಸದಿದ್ದಾಗಲೂ ದಯವಿಟ್ಟು ಕಲಾವಿದರನ್ನು ನಿಂದಿಸಬೇಡಿ. ನಿಲ್ಲಿಸುವ ತೀರ್ಮಾನ ಆಗುವ ಕೋಣೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ.

ನಾನು ಬರೆಯುತ್ತಿದ್ದ ಸರಣಿಯೂ ಒಂದು ದಿನ ಮರಳಿ ಬಂದರೆ ಎಂದು ಮಗಳು ಕೇಳಿದಳು. ನನ್ನ ಮಣಿಕಟ್ಟು ಈಗ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಪೆನ್ಸಿಲ್ ಹಿಡಿಯಲು ಬಿಡುವುದಿಲ್ಲ, ಆದ್ದರಿಂದ ಆ 11 ಚಿತ್ರಗಳನ್ನು ಬೇರೆ ಯಾರೋ ಮತ್ತೆ ಬರೆಯಬೇಕಾಗುತ್ತದೆ. ಅವರಿಗೆ ಇಷ್ಟು ತಿಳಿಸಬೇಕು: ಆ ಹುಡುಗಿ ಬಲಗೈಯ ಕಿರುಬೆರಳಿಗೆ ತಾಮ್ರದ ತಂತಿಯೊಂದನ್ನು ಎರಡು ಸುತ್ತು ಸುತ್ತಿಕೊಂಡಿದ್ದಾಳೆ. ಮುಷ್ಟಿ ಕಟ್ಟಿದಾಗ ಅದು ಅರ್ಧ ಮರೆಯಾಗುತ್ತದೆ. ಏಳನೆಯ ಚಿತ್ರದಲ್ಲಿ ಕಾಣಬೇಕು, ಎಂಟನೆಯದರಲ್ಲಿ ಕಾಣಬಾರದು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಹಿಂದೆ ಅನಿಮೇಷನ್ ಚಿತ್ರಕಾರ್ತಿ